ದಾಳಿಂಬೆ ಇರಲಿ, ಮಾತ್ರೆಯೂ ಇರಲಿ

ಹಣ್ಣು ಮಾರುವವರಿಗೆ ತಮ್ಮ ಹಣ್ಣೇ ಅಮೃತ. ಶಿವಾಜಿನಗರದ ಮಾರುಕಟ್ಟೆಯಲ್ಲಿ ಮೂವತ್ತು ವರ್ಷದಿಂದ ಅಂಗಡಿ ಇಟ್ಟಿರುವ ಮುನಾವರ್ ಸಾಹೇಬರೂ ಹಾಗೆಯೇ. ಎರಡು ವರ್ಷದಿಂದ ಅವರಿಗೆ ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆ. ಮಾತ್ರೆ ನುಂಗುತ್ತಿದ್ದಷ್ಟು ದಿನ ವ್ಯಾಪಾರ ಹೇಗೋ ನಡೆಯಿತು. 2004ರ ಬೇಸಿಗೆಯಲ್ಲಿ ಗಿರಾಕಿಯೊಬ್ಬರು ಪತ್ರಿಕೆ ತಂದು ತೋರಿಸಿದರು. ದಾಳಿಂಬೆ, ಕಪ್ಪು ದ್ರಾಕ್ಷಿಯಲ್ಲಿರುವ ಆಂಟಿ ಆಕ್ಸಿಡೆಂಟ್‌ಗಳು ಮೆದುಳಿನ ಜೀವಕೋಶಗಳನ್ನು ಕಾಪಾಡುತ್ತವಂತೆ. ಸಾಹೇಬರಿಗೆ ಇನ್ನೇನು ಬೇಕು? ಮಾತ್ರೆ ಬೀರು ಸೇರಿತು, ಎರಡು ಹೊತ್ತೂ ದಾಳಿಂಬೆ ರಸ ಶುರುವಾಯಿತು.

ಹತ್ತೇ ದಿನ, ನಡುಕ ಮತ್ತೆ ಹೆಚ್ಚಿತು. ಅವರು ಹಣ್ಣು ಕೊಳ್ಳುವ ಮಂಡಿಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ತಿಳಿಸುತ್ತಾರೆ. ಸಾಹೇಬರ ಬೆರಳು ತನ್ನಷ್ಟಕ್ಕೆ ಒತ್ತುತ್ತಲೇ ಇತ್ತು. ದಲ್ಲಾಳಿ ಬಸಣ್ಣ ಬೆಲೆ ತಿಳಿಯದೆ ಎರಡು ಸಲ ತಾಳಿಕೊಂಡ. ಮೂರನೆಯ ಸಲ ಟವೆಲ್ ತೆಗೆದು, ನಾಳೆಯಿಂದ ಬೇರೆ ಯಾರನ್ನಾದರೂ ಕಳಿಸಿ ಎಂದ. ಎದ್ದು ಹೊರಡೋಣವೆಂದರೆ ಕಾಲೂ ಕಿತ್ತಿಡಲಾಗಲಿಲ್ಲ. ನಾಲ್ಕು ಜನ ಸೇರಿ ಆಟೋ ಹತ್ತಿಸಿದರು. ಸಾಹೇಬರಿಗೆ ನಾಚಿಕೆಯಿಂದ ಜೀವ ಹಿಡಿಯಾಯಿತು.

ಹೆಂಡತಿ ಫಹ್ಮಿದಾ ಸುಮ್ಮನೆ ಕೂರಲಿಲ್ಲ. ಕಾಕ್ಸ್‌ಟೌನ್ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿರುವ ಪಕ್ಕದ ಮನೆಯ ಮಂಜುಳಮ್ಮನನ್ನು ಕರೆತಂದಳು.

"ಪೇಪರ್‌ನಲ್ಲಿ ಬಂದಿದ್ದು ಸುಳ್ಳಾ ಸಿಸ್ಟರ್?" ಎಂದು ಸಾಹೇಬರು ಸಿಡುಕಿದರು.

"ಸುಳ್ಳಲ್ಲ ಭಾಯಿ, ಅರ್ಧ ಸುದ್ದಿ. ಹೆಚ್ಚಿದ ಸೇಬಿಗೆ ನಿಂಬೆರಸ ಸವರಿದ್ರೆ ಬೇಗ ಕಪ್ಪಾಗಲ್ಲ ಅಲ್ವಾ? ಹಣ್ಣು, ಸೊಪ್ಪಲ್ಲಿರೋ ಅಂಥದ್ದೇ ಗುಣ ಮೆದುಳನ್ನೂ ಕಾಯಬಹುದು ಅಂತ ಇಲಿಗಳ ಮೇಲೆ ನೋಡಿದಾರೆ. ಮನುಷ್ಯರಿಗೂ ಹಾಗೇ ಆಗುತ್ತಾ ಅಂತ ಇನ್ನೂ ಖಾತ್ರಿ ಆಗಿಲ್ಲ. ನಿಮ್ಮ ಮೆದುಳಲ್ಲಿ ಕೈಕಾಲನ್ನ ಹಿಡಿತದಲ್ಲಿಡೋ ಡೋಪಮಿನ್ ಅನ್ನೋದು ಕಮ್ಮಿ ಆಗಿದೆ. ಅದನ್ನ ತುಂಬಿಕೊಡೋದು ಮಾತ್ರೆ, ದಾಳಿಂಬೆ ಅಲ್ಲ. ಹಣ್ಣು ತಿನ್ನಿ, ಯಾರು ಬೇಡ ಅಂದ್ರು?"

ಈ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಮೈ ಸೆಟೆದು ಜೀವಕ್ಕೇ ಅಪಾಯವಾಗಬಹುದು, ಮತ್ತೆ ಶುರು ಮಾಡುವುದನ್ನೂ ಡಾಕ್ಟರೇ ಹೇಳಬೇಕು, ಈಗಲೇ ಹೊರಡಿ ಎಂದು ಮಂಜುಳಮ್ಮ ಅವಸರಪಡಿಸಿದಳು. ಆಗ ಸಾಹೇಬರಿಗೆ ಇನ್ನೊಂದು ಮಾತು ನೆನಪಾಯಿತು. ಹಲಸೂರಿನ ಗಿರಾಕಿ ಮುನಿಶಾಮಿಗೂ ಇದೇ ಕಾಯಿಲೆ. ಮಾತ್ರೆ ಬಿಟ್ಟು ಹಣ್ಣು ತಿನ್ನಿ ಎಂದು ಅವರಿಗೂ ಮೊನ್ನೆ ತಾವೇ ಹೇಳಿದ್ದನ್ನು ತೊದಲುತ್ತ ಒಪ್ಪಿಕೊಂಡರು.

ಆಸ್ಪತ್ರೆಗೆ ಹೊರಟ ಆಟೋ ಮೊದಲು ಹಲಸೂರಿಗೆ ತಿರುಗಿತು. ಮುನಿಶಾಮಿ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು. ಮಾತ್ರೆ ಬಿಟ್ಟು ಎರಡು ದಿನವಾಗಿತ್ತು.

"ಅಣ್ಣಾ, ನಾನು ಹಣ್ಣು ಮಾರೋನು, ಡಾಕ್ಟರಲ್ಲ. ನಿಮಗೆ ಹೇಳಿದ್ದು ತಪ್ಪಾಯ್ತು. ಬನ್ನಿ, ಒಟ್ಟಿಗೆ ಹೋಗೋಣ."

ಆಟೋದಲ್ಲಿ ಫಹ್ಮಿದಾ ಸರಿದು ಕೂತು ಜಾಗ ಮಾಡಿದಳು.

ಇದನ್ನು ಓದುತ್ತಿರುವ ಅಕ್ಕ, ಅಣ್ಣಂದಿರೇ, ಮನೆಯಲ್ಲಿ ಯಾರದಾದರೂ ಕೈ ನಡುಗುತ್ತಿದ್ದರೆ, ನಡಿಗೆ ನಿಧಾನವಾಗಿದ್ದರೆ, ವಯಸ್ಸಾಯಿತು ಎಂದು ಸುಮ್ಮನಿರಬೇಡಿ. ನರರೋಗ ತಜ್ಞರಿಗೆ ತೋರಿಸಿ. ಹಣ್ಣು, ಸೊಪ್ಪು, ತರಕಾರಿ ದಿನವೂ ತಿನ್ನಿ. ಡಾಕ್ಟರು ಹೇಳದೆ ಮಾತ್ರೆಯನ್ನು ಮಾತ್ರ ಒಂದು ಹೊತ್ತೂ ಬಿಡಬೇಡಿ. ಬಿಡಿ ಎಂದು ನೀವೇ ಯಾರಿಗಾದರೂ ಹೇಳಿದ್ದರೆ, ನಾಚಿಕೊಳ್ಳದೆ ಇವತ್ತೇ ಅವರ ಮನೆಗೆ ಹೋಗಿ.