ಪೆಟ್ಟಿಗೆಯಲ್ಲಿಲ್ಲದ ಗರಗಸ

ತೀರಿಹೋದ ಡಾಕ್ಟರ ಶಸ್ತ್ರಚಿಕಿತ್ಸೆಯ ಪೆಟ್ಟಿಗೆಯಲ್ಲಿ ಕೆಂಪು ಮಖಮಲ್ಲಿನ ಹದಿನಾಲ್ಕು ಗುಳಿಗಳಿದ್ದವು. ಒಂದೊಂದನ್ನೂ ಒಂದೊಂದು ಉಪಕರಣದ ಆಕಾರಕ್ಕೆ ಕೊರೆಯಲಾಗಿತ್ತು. ಹದಿಮೂರು ತುಂಬಿದ್ದವು. ಗರಗಸದ ಗುಳಿ ಮಾತ್ರ ಬಾಯಿ ತೆರೆದುಕೊಂಡಿತ್ತು.

ಮನೆಯಲ್ಲಿದ್ದವರು ಡಾಕ್ಟರ ಮಕ್ಕಳಿಬ್ಬರೇ, ಅಕ್ಕ ಮತ್ತು ತಮ್ಮ. ಗರಗಸಕ್ಕಾಗಿ ತಮ್ಮ ಇಡೀ ಮನೆಯನ್ನು ಜಾಲಾಡಿದ್ದ, ಅಡುಗೆಮನೆಯೊಂದನ್ನು ಬಿಟ್ಟು. ಉಂಡ ತಟ್ಟೆ ಇಡುವುದಕ್ಕೂ ಆತ ಅತ್ತ ಕಾಲಿಟ್ಟವನಲ್ಲ. ಅರವತ್ತು ದಾಟಿದರೂ ಊರಿಗೆಲ್ಲ ‘ಡಾಕ್ಟರ ಮಗ’ನಾಗಿಯೇ ಉಳಿದಿದ್ದ ಅವನಿಗೆ ಒಂದೇ ಆಸೆ: ಪೆಟ್ಟಿಗೆ ಸಂಗ್ರಹಾಲಯ ಸೇರಬೇಕು, ಅಪ್ಪನ ಹೆಸರು ಗಾಜಿನ ಹಿಂದೆ ಕೂರಬೇಕು. ಅದಕ್ಕೆಂದೇ ಮೂರು ದಿನ ಪಾಲಿಶ್ ಯಂತ್ರಕ್ಕೆ ಹಿಡಿದು ಹದಿಮೂರನ್ನೂ ಹೋಟೆಲಿನ ಹೊಸ ಚಮಚಗಳಂತೆ ಹೊಳೆಯಿಸಿದ್ದ.

ಸಂಗ್ರಹಾಲಯದ ಅಧಿಕಾರಿಣಿ ಬಂದರು. ಒಂದು ಚಾಕು ಎತ್ತಿ ಭೂತಗನ್ನಡಿ ಹಿಡಿದರು. ಕೆಳಗಿಟ್ಟರು. ಇನ್ನೊಂದನ್ನೆತ್ತಿದರು.

“ಇದನ್ನ ಯಾರು ಉಜ್ಜಿದ್ದು?”

“ನಾನೇ ಮೇಡಂ. ಸ್ವಂತ ಕೈಯಿಂದ.”

“ಇಲ್ಲಿ ಕೆತ್ತಿದ್ದ ತಯಾರಕರ ಗುರುತು, ನಿಮ್ಮ ತಂದೆ ಹೆಸರು, ಎರಡನ್ನೂ ಉಜ್ಜಿ ಹಾಕಿದೀರಿ. ಇದು ಅವರದೇ ಅಂತ ಹೇಗೆ ನಂಬೋದು?”

ಅಪ್ಪನ ಹೆಸರು ಉಳಿಸಹೊರಟವನು ಅದನ್ನೇ ಪುಡಿ ಮಾಡಿ ಗುಡಿಸಿ ಹಾಕಿದ್ದ. ಅಧಿಕಾರಿಣಿ ಪೆಟ್ಟಿಗೆ ಮುಚ್ಚಿಬಿಡಲು ಮುಚ್ಚಳಕ್ಕೆ ಕೈ ಹಾಕಿದರು. ಅಷ್ಟರಲ್ಲಿ ಅಡುಗೆಮನೆಯಿಂದ ಸದ್ದು: ಕರ್... ಕರ್... ಕರ್...

ಅಧಿಕಾರಿಣಿಯ ಕಿವಿ ನೆಟ್ಟಗಾಯಿತು. ಎದ್ದವರೇ ಒಳನಡೆದರು. ಹಿಂದೆಯೇ ತಮ್ಮನೂ ಆ ಹೊಸ್ತಿಲು ದಾಟಿದ.

ಅಕ್ಕ ನೆಲದ ಮೇಲೆ ಕುಳಿತು, ದಪ್ಪ ಕುಂಬಳಕಾಯಿಯೊಂದನ್ನು ಮಂಡಿಯಲ್ಲಿ ಅದುಮಿ ಹಿಡಿದು, ಗರಗಸ ಆಡಿಸುತ್ತಿದ್ದಳು. ಕರಿಮರದ ಹಿಡಿ, ಕಂದುಗಟ್ಟಿದ ಅಲಗು. ಅಲಗಿನ ಬುಡದಲ್ಲಿ ಅಪ್ಪನ ಹೆಸರು, ಒಂದಕ್ಷರವೂ ಮಾಸದೆ.

“ಅಕ್ಕಾ, ಇದರಲ್ಲಾ ಹೆಚ್ಚೋದು?”

“ಮೂವತ್ತು ವರ್ಷದಿಂದ. ಮುಖ ಯಾಕೆ ಹಾಗೆ ಕಿವುಚ್ತೀಯ? ತೊಳೆದೇ ಹೆಚ್ಚಿದೀನಿ.”

“ಉಜ್ಜಲಿಲ್ವ?” ಅಧಿಕಾರಿಣಿ ಕೇಳಿದರು.

“ತೊಳೆದು ಒರೆಸಿಡ್ತೀನಿ, ಅಷ್ಟೇ. ಉಜ್ಜುತ್ತಾ ಕೂರೋಕೆ ನನಗೇನು ಬೇರೆ ಕೆಲಸ ಇಲ್ವ?”

ಅಧಿಕಾರಿಣಿ ಬಗ್ಗಿ ಆ ಹೆಸರನ್ನು ಎರಡು ಸಲ ಓದಿದರು. ಆಮೇಲೆ ಗೋಡೆಗೊರಗಿ ಸಂಗ್ರಹಾಲಯದ ಅರ್ಜಿ ಬಿಡಿಸಿ ಪೆನ್ನು ತೆಗೆದರು.

“ಪೆಟ್ಟಿಗೆ ತಗೋತೀವಿ. ಈ ಗರಗಸದ ಪುಣ್ಯ. ಕೊನೇ ಸಲ ಬಳಸಿದ್ದು ಯಾವಾಗ?”

“ಐವತ್ತು ವರ್ಷದ ಹಿಂದೆ, ಅಪ್ಪ ಮಾಡಿದ ಕೊನೇ ಆಪರೇಷನ್‌ನಲ್ಲಿ,” ಎಂದ ತಮ್ಮ, ಘನಗಂಭೀರವಾಗಿ.

“ಇನ್ನೂ ಮುಗಿದಿಲ್ಲ,” ಎಂದಳು ಅಕ್ಕ. “ಅರ್ಧ ಬಾಕಿ ಇದೆ. ಬಾ, ಆ ಕಡೆ ಹಿಡ್ಕೋ, ಡಾಕ್ಟರ ಮಗನೇ.”