ಹೊಸ ಬಾಣಲೆ

ನಾನು ಮಾಂಸದ ಅಂಗಡಿಯವನು. ನನ್ನ ಒಬ್ಬಳೇ ಮಗಳು ಮಾಂಸ ಬಿಟ್ಟು ಬಹಳ ಕಾಲವಾಯಿತು. ಅಷ್ಟಕ್ಕೇ ನಿಲ್ಲಲಿಲ್ಲ ಮಹಾರಾಯ್ತಿ. ಹಾಲು, ಮೊಸರು, ಬೆಣ್ಣೆ, ಮೊಟ್ಟೆ, ಕಡೆಗೆ ಜೇನುತುಪ್ಪವನ್ನೂ ಬಿಟ್ಟಳು. ಇಂಥವರಿಗೆ ವೀಗನ್ ಅನ್ನುತ್ತಾರಂತೆ. ಜೇನುತುಪ್ಪ ಏನು ಪಾಪ ಮಾಡಿತ್ತು ಎಂದು ಕೇಳಿದ್ದಕ್ಕೆ, "ಅದು ಜೇನುಹುಳದ ಊಟ ಅಪ್ಪ, ನಮ್ಮದಲ್ಲ," ಎಂದಳು. ಅದನ್ನೂ ಎಷ್ಟು ಮೆತ್ತಗೆ ಹೇಳಿದಳು ಅಂತೀರಿ! ಸ್ವಲ್ಪ ದನಿ ಏರಿಸಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

ಸೋಮವಾರ ನನ್ನ ಅಂಗಡಿಗೆ ರಜೆ. ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಗೂ ಅಂದೇ ರಜೆ. ಮಧ್ಯಾಹ್ನ ನನ್ನ ಮನೆಗೆ ಬರುತ್ತಾಳೆ, ಕಿಟಕಿ ತೆಗೆಯುತ್ತಾಳೆ, ತಾನು ತಂದ ಡಬ್ಬಿ ಬಿಚ್ಚುತ್ತಾಳೆ. ಎದುರಿಗೆ ಕುರಿಮಾಂಸದ ನನ್ನ ತಟ್ಟೆ. ಅವಳಮ್ಮ ಹೋದಮೇಲೆ ಈ ಮೇಜಿಗೆ ನಾವಿಬ್ಬರೇ, ಅದರಲ್ಲೂ ಊಟ ಎರಡು.

"ಆ ಕುರಿಗೂ ಒಂದು ತಾಯಿ ಇತ್ತಲ್ವಾ ಅಪ್ಪ?" ಎಂದು ಒಮ್ಮೆ ಕೇಳಿದ್ದಳು.

"ಇತ್ತು. ನಿನ್ನನ್ನ ಓದಿಸಿದ್ದೂ ಆ ಕುರಿನೇ."

"ಗೊತ್ತು. ಅದಕ್ಕೇ ನಿನ್ನ ಹತ್ರ ಜಗಳ ಆಡಲ್ಲ. ಆದ್ರೆ ತಿನ್ನೋದೂ ಇಲ್ಲ."

ಅವಳ ಮಾತು ನನಗೆ ಒಪ್ಪಿಗೆಯಿಲ್ಲ, ಇವತ್ತಿಗೂ ಇಲ್ಲ. ಆದರೆ ಗಿರಾಕಿಯೊಬ್ಬ "ನಿಮ್ಮ ಮಗಳು ಬರೀ ಸೊಪ್ಪು ಮೇಯ್ತಾಳಂತೆ!" ಎಂದು ಹಲ್ಲು ಕಿರಿದಾಗ ಮೈಯೆಲ್ಲ ಉರಿದು ಹೋಯಿತು. ತಕ್ಕಡಿಗೆ ಹಾಕಿದ್ದ ಮಾಂಸವನ್ನು ವಾಪಸ್ಸು ತೆಗೆದು, "ನಡಿ ಆಚೆ," ಎಂದೆ. ಅವಳ ಹತ್ತಿರ ವಾದ ಮಾಡುವ ಹಕ್ಕು ನನಗೊಬ್ಬನಿಗೇ.

ನನಗೆ ಬೇಕಾಗಿದ್ದುದು ಒಂದೇ. ನನ್ನ ಕೈಯಡುಗೆಯನ್ನು ಅವಳು ಒಂದು ಸಲ ಉಣ್ಣಬೇಕು. ಅವಳ ಡಬ್ಬಿಯ ಮುಚ್ಚಳದ ಸದ್ದು ಕೇಳಿದರೆ, ನನ್ನ ಮನೆಯಲ್ಲಿ ನನ್ನ ಮಗಳೇ ನೆಂಟರ ಹಾಗೆ ಕೂತಿದ್ದಾಳಲ್ಲ ಎಂದು ಸಂಕಟವಾಗುತ್ತಿತ್ತು. ಒಂದು ಸೋಮವಾರ ಕೇಳಿಯೇಬಿಟ್ಟೆ.

"ಮುಂದಿನ ವಾರ ನಿನ್ನ ಊಟ ನಾನೇ ಮಾಡ್ತೀನಿ. ಡಬ್ಬಿ ತರ್ಬೇಡ."

"ನೀನಾ? ನಿನ್ನ ಪಾತ್ರೆಗಳು..."

"ಎಲ್ಲಾ ಹೊಸದು ತರ್ತೀನಿ ಕಣಮ್ಮ. ನಿಮ್ಮಪ್ಪನಿಗೆ ಅಷ್ಟೂ ಗೊತ್ತಾಗಲ್ವಾ?"

ಅವಳು ನಕ್ಕು, "ಸರಿ, ತರಲ್ಲ," ಎಂದಳು. ಆ ವಾರವೆಲ್ಲ ನನ್ನ ಕಾಲು ನೆಲದ ಮೇಲಿರಲಿಲ್ಲ.

ಹೊಸ ಚಾಕು, ಹೊಸ ಮಣೆ, ಹೊಸ ಕಬ್ಬಿಣದ ಬಾಣಲೆ, ಕಡಲೆಕಾಯಿ ಎಣ್ಣೆ. ಬ್ರೆಡ್ಡಿಗೆ ಹಾಲು ಬೆಣ್ಣೆ ಹಾಕಿಲ್ಲ ತಾನೇ ಎಂದು ಕೇಳಿ ಕೇಳಿ ಬೇಕರಿಯವನ ತಲೆ ತಿಂದೆ. ತರಕಾರಿಯವಳು, "ಏನಣ್ಣ, ಅಂಗಡಿ ಬದಲಾಯಿಸ್ತೀರಾ?" ಎಂದು ಕಾಲೆಳೆದಳು. ಸೋಮವಾರ ಆಲೂಗಡ್ಡೆ, ಬೀನ್ಸ್, ಅಣಬೆ ಹೆಚ್ಚಿ ಬೇಯಿಸಿ, ಬಾಣಲೆ ಸಮೇತ ಮೇಜಿನ ಮೇಲಿಟ್ಟು ಕಾದೆ.

ಮಗಳು ಬರಿಗೈಯಲ್ಲಿ ಬಂದಳು. ಕೂತಳು, ಚಮಚ ಕೈಗೆತ್ತಿಕೊಂಡಳು. ಬಾಣಲೆಯ ಅಂಚನ್ನು ನೋಡಿದವಳ ಕೈ ಅಲ್ಲೇ ನಿಂತಿತು. ಆರುತ್ತಿದ್ದ ಅಂಚಿನಲ್ಲಿ ತೆಳ್ಳಗೆ ಬೆಳ್ಳಗೆ ಏನೋ ಕಟ್ಟಿತ್ತು.

"ಅಪ್ಪ, ಬಾಣಲೆ ತಂದು ಏನು ಮಾಡಿದೆ?"

"ತೊಳೆದೆ."

"ತೊಳೆದು?"

"ಒರೆಸಿದೆ."

"ಒರೆಸಿ?"

ನಮ್ಮ ಕಸುಬಿನಲ್ಲಿ ಕಬ್ಬಿಣವನ್ನು ಹಾಗೇ ಬಿಡುವುದಿಲ್ಲ. ಸಂಜೆ ಕತ್ತಿ, ಗರಗಸ, ಕೊಕ್ಕೆ ಎಲ್ಲ ತೊಳೆದು, ತುಕ್ಕು ಹಿಡಿಯದಿರಲೆಂದು ಕುರಿಕೊಬ್ಬು ಸವರಿಡುತ್ತೇವೆ. ಬಾಣಲೆಯನ್ನು ಅಂಗಡಿಯಲ್ಲೇ ತೊಳೆದಿದ್ದೆ. ಈ ಹಾಳು ಕೈ ನನ್ನನ್ನು ಕೇಳದೆ ಅದಕ್ಕೂ ಸವರಿಬಿಟ್ಟಿತ್ತು. ಚಿಕ್ಕವಳಿದ್ದಾಗ ಕೊಕ್ಕೆಗಳಿಗೆ ಸವರಿಕೊಡುತ್ತಿದ್ದವಳು ಅವಳೇ. ಅವಳಿಗೆ ಗೊತ್ತಾಗದೆ ಇರುತ್ತದೆಯೇ!

"ಥೂ, ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡೆ.

"ಬಿಡಪ್ಪ. ಬೇಕಂತ ಮಾಡಿದ್ದಲ್ವಲ್ಲ."

ಅವಳು ಚಮಚ ಕೆಳಗಿಡಲಿಲ್ಲ. ನನ್ನ ಮುಖ ನೋಡಿದಳು, ಬಾಣಲೆ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಒಂದು ಚೂರು ಕೊಬ್ಬು, ಇವತ್ತೊಂದು ದಿನ ತಿಂದುಬಿಡು ಮಗಳೇ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಾನು ಹೇಳಿದ್ದರೆ ತಿನ್ನುತ್ತಿದ್ದಳು. ಅವಳ ಕಣ್ಣಲ್ಲೇ ಕಂಡಿತು. ನನಗೆ ಹೆದರಿಕೆಯಾಯಿತು. ಮುದುಕನ ಮೇಲೆ ಕನಿಕರಪಟ್ಟು ತಿಂದ ಊಟ ನನಗೇಕೆ? ಅವಳ ಹಟವೇ ಹೋಗಿಬಿಟ್ಟರೆ ಸೋಮವಾರ ನಾನು ವಾದ ಮಾಡುವುದು ಯಾರ ಹತ್ತಿರ?

ಬಾಣಲೆಯನ್ನು ನನ್ನ ಕಡೆಗೆ ಎಳೆದುಕೊಂಡೆ. "ಇದು ನನ್ನದು. ನೀನು ಬ್ರೆಡ್ ತಿನ್ನು."

ಅವಳ ಉಸಿರು ಸಡಿಲವಾಯಿತು. ಒಂದು ತುಂಡು ಮುರಿದುಕೊಂಡು, "ಹೇಗಾಗಿದೆ ಹೇಳು," ಎಂದಳು.

"ಆಲೂಗಡ್ಡೆ ಚೆನ್ನಾಗಿ ಬೆಂದಿದೆ. ಬೀನ್ಸ್ ಸ್ವಲ್ಪ ಗಟ್ಟಿ."

"ಉಪ್ಪು?"

"ನಿಮ್ಮಮ್ಮ ಹಾಕ್ತಿದ್ದಷ್ಟೇ."

"ಅಣಬೆ?"

ಬಾಣಲೆ ಬರಿದಾಗುವವರೆಗೂ ನಾನು ಒಂದೊಂದು ತುತ್ತಿನ ರುಚಿಯನ್ನೂ ಹೇಳುತ್ತಾ ಹೋದೆ. ಅವಳು ಒಣ ಬ್ರೆಡ್ ಅಗಿಯುತ್ತಾ ಕೇಳುತ್ತಿದ್ದಳು.