ಅಳಿಯಂದಿರ ಹೊಸ ಚಕ್ರಗಳು

ನನ್ನ ಗಂಡ ಭೀಮೇಶ್ ಕಣ್ಣಿಗೆ ಅಮ್ಮನ ವಾಂತಿಯೂ ಕಾರಿನ ದೋಷವಾಗಿಯೇ ಕಂಡಿತು.

ಅಮ್ಮ ಅಂಕಮ್ಮ, ಕತ್ರಿಗುಪ್ಪೆ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿಗೆ ಸೊಸೆಯಾಗಿ ಬಂದವಳು. ಮಂಡಿ ಆಪರೇಷನ್ ಆದ ಮೇಲೆ ಜೆ.ಪಿ. ನಗರದ ನಮ್ಮ ಮನೆಯಲ್ಲಿದ್ದಾಳೆ. ವಾರಕ್ಕೆ ಮೂರು ಸಲ ಜಯನಗರದ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿ. ಈಗ ಬಗ್ಗಿಸಿ ಪಳಗಿಸದಿದ್ದರೆ ಮಂಡಿ ಹೀಗೇ ಬಿಗಿದುಕೊಂಡುಬಿಡುತ್ತದೆ, ಆಮೇಲೆ ಏನು ಮಾಡಿದರೂ ಆಗದು ಎಂದು ಡಾಕ್ಟರ್ ಖಡಾಖಂಡಿತವಾಗಿ ಹೇಳಿದ್ದರು. ಆಟೊದಲ್ಲಿ ಕಾಲು ಮಡಚಿ ಕೂರಲು ಅವಳಿಗೆ ಆಗುವುದಿಲ್ಲ. ಹಾಗಾಗಿ ನಮ್ಮ ಎಲೆಕ್ಟ್ರಿಕ್ ಕಾರಿನ ಹಿಂದಿನ ಸೀಟಿನಲ್ಲಿ, ಬಾಗಿಲಿಗೆ ಬೆನ್ನು ಕೊಟ್ಟು, ಕಾಲು ಚಾಚಿ ಅಡ್ಡಡ್ಡ ಕೂರುತ್ತಿದ್ದಳು. ರಾಗಿಗುಡ್ಡ ದಾಟುವ ಮೊದಲೇ ವಾಂತಿಗೆ ಕವರ್ ಕೇಳುತ್ತಿದ್ದಳು.

ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದರೆ ಕಾಲು ಆರಾಮಾಗಿ ಚಾಚಬಹುದು. ಇದು ಮೂವರಿಗೂ ಗೊತ್ತಿತ್ತು. ಆದರೆ ಅಳಿಯ ಹಜಾರಕ್ಕೆ ಬಂದರೆ ವಾಕರ್ ಹಿಡಿದುಕೊಂಡಾದರೂ ಎದ್ದು ನಿಲ್ಲುವವಳು ನನ್ನಮ್ಮ. ಅವರು ಎರಡಡಿ ದೂರದಲ್ಲಿದ್ದರೂ ಮಾತೆಲ್ಲ ನನ್ನ ಮೂಲಕವೇ. "ಅಳಿಯಂದ್ರು ಕಾಫಿ ಕುಡುದ್ರಾ ಕೇಳು" ಎನ್ನುತ್ತಾಳೆ. ಅವರು "ಆಯ್ತು ಅಂತ ಹೇಳು" ಎನ್ನುತ್ತಾರೆ. ನಾನು ಇಬ್ಬರ ನಡುವಿನ ಅಂಚೆಯವಳು.

"ಮುಂದೆ ಕೂತ್ಕೊಮ್ಮ" ಎಂದರೆ, "ಅಳಿಯಂದ್ರ ಪಕ್ಕದಲ್ಲಾ? ತಲೆ ಕೆಟ್ಟಿದ್ಯಾ ನಿಂಗೆ?" ಎಂದು ಬೈದಳು.

ಭೀಮೇಶ್‌ಗೆ ಹೇಳಿದೆ, ನೀವೇ ಒಂದು ಮಾತು ಕರೆಯಿರಿ ಎಂದು. "ನಾನ್ ಹೆಂಗೆ ಕರೀಲಿ? ಅವ್ರಿಗೆ ಮುಜುಗರ ಆಗುತ್ತೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಪ್ರಾಬ್ಲಂ ಸೀಟಲ್ಲ ಕಣೆ. ತಿರುವಲ್ಲಿ ಗಾಡಿ ವಾಲುತ್ತೆ. ಹ್ಯಾಂಡ್ಲಿಂಗ್ ಸರಿ ಮಾಡಿಸ್ಬೇಕು" ಎಂದರು.

ಅಲ್ಲಿಂದ ಶುರುವಾಯಿತು. ಊಟಕ್ಕೆ ಕೂತರೂ ಕೈಯಲ್ಲಿ ಫೋನು, ಅದರಲ್ಲಿ ಚಕ್ರದ ವಿಡಿಯೋ. ಮೊದಲು ಅಗಲದ ಟೈರು ಬಂತು. ಅಮ್ಮ ವಾಂತಿ ಮಾಡಿದಳು. ಆಮೇಲೆ ದೊಡ್ಡ ಅಲಾಯ್ ಚಕ್ರ ಆರಿಸಲು ಭಾನುವಾರ ಪೂರ್ತಿ ಬನಶಂಕರಿಯ ಅಂಗಡಿಯೊಂದರಲ್ಲಿ ಕಳೆಯಿತು. "ಬ್ಯಾಟರಿ ಗಾಡಿ ಭಾರ ಸಾರ್, ಅದನ್ನ ತಡ್ಕೊಳ್ಳೋ ಚಕ್ರಾನೇ ಹಾಕ್ಬೇಕು" ಎಂದ ಅಂಗಡಿಯವನು. ಬೆಳ್ಳಿ ಬಣ್ಣವೋ ಬೂದಿ ಬಣ್ಣವೋ ಎಂದು ನನ್ನನ್ನು ಕೇಳಿದರು. ಯಾವುದಾದರೂ ಹಾಕಿಸಿ, ಮನೆಗೆ ಹೋಗೋಣ ಎಂದೆ. ನಿಜವಾಗಿಯೂ ಸುಸ್ತಾಗಿತ್ತು. ಹೊಸ ಚಕ್ರಕ್ಕೆ ಕುಂಕುಮ ಹಚ್ಚಿ, ನಾಲ್ಕು ನಿಂಬೆಹಣ್ಣು ಇಟ್ಟು ಹತ್ತಿಸಿದ್ದೂ ಆಯಿತು. ಅಮ್ಮ ಮತ್ತೆ ವಾಂತಿ ಮಾಡಿದಳು. ಅದರ ಮೇಲೆ ಗಾಡಿ ತಗ್ಗಿಸುವ ಗಟ್ಟಿ ಸ್ಪ್ರಿಂಗ್ ಬೇರೆ ಬಂದು, ಒಂದೊಂದು ರೋಡ್ ಹಂಪ್‌ಗೂ ಅವಳ ಮಂಡಿಯೊಳಗೆ ಜೀವ ಹೋಗುವ ಹಾಗೆ ಆಗತೊಡಗಿತು. ಅಳಿಯಂದಿರ ಎದುರು ತುಟಿ ಕಚ್ಚಿಕೊಂಡು ಕೂತಿರುತ್ತಿದ್ದಳು.

ರೇಗೋಣವೆಂದರೆ ಅದೂ ಆಗುತ್ತಿರಲಿಲ್ಲ. ಆ ಮನುಷ್ಯ ಇದನ್ನೆಲ್ಲ ಶೋಕಿಗೆ ಮಾಡುತ್ತಿರಲಿಲ್ಲ, ಅತ್ತೆಗಾಗಿಯೇ ಮಾಡುತ್ತಿದ್ದರು. ಪಕ್ಕಕ್ಕೆ ಬನ್ನಿ ಎನ್ನುವ ಎರಡು ಮಾತು ಬಾಯಿಗೆ ಬಾರದೆ ಊರಿನ ಚಕ್ರವನ್ನೆಲ್ಲ ಹೊತ್ತು ತರುತ್ತಿದ್ದರು.

ಮೊನ್ನೆ ಬುಧವಾರ ಹೊರಡುವ ಹೊತ್ತಿಗೆ ಅಮ್ಮ ಮಂಚದಿಂದ ಏಳಲಿಲ್ಲ. "ನಾನು ಬರಲ್ಲ ಲತಾ. ಇಷ್ಟು ಬಗ್ಗೋದೇ ಸಾಕು ಈ ಕಾಲು. ಹೆಂಗಿದ್ರೂ ವಾಕರ್ ಇದ್ಯಲ್ಲ" ಎಂದಳು. ಇಡೀ ಕತ್ರಿಗುಪ್ಪೆಯನ್ನು ಕಾಲಲ್ಲೇ ಸುತ್ತಿ ಸೊಪ್ಪು ಮಾರಿ ನನ್ನನ್ನು ಓದಿಸಿದವಳು ಇವಳು.

ಬಾಗಿಲಲ್ಲಿ ನಿಂತಿದ್ದ ಭೀಮೇಶ್ ಫೋನು ತೆಗೆದರು. "ಹಿಂದ್ಗಡೆ ಚಕ್ರಕ್ಕೆ ಒಂದು ಕಬ್ಬಿಣದ ಬಾರ್ ಹಾಕಿಸಿದ್ರೆ ವಾಲೋದು ಪೂರ್ತಿ ನಿಲ್ಲುತ್ತಂತೆ..."

"ಕೀ ಕೊಡಿ" ಎಂದೆ.

"ನೀನಾ? ಹೊಸ ಅಲಾಯ್ ಕಣೆ, ಫುಟ್‌ಪಾತಿಗೆ ಉಜ್ಜಿದ್ರೆ..."

"ಕೀ ಕೊಡ್ರೀ! ಅಮ್ಮ, ಏಳು. ಇವತ್ತು ಗಾಡಿ ನಾನು ಓಡಿಸ್ತೀನಿ. ಮಗಳ ಪಕ್ಕ ಕೂರೋಕೂ ನಾಚ್ಕೆನಾ?"

ಮದುವೆಗೆ ಮುಂಚೆ ಪಕ್ಕದ ಮನೆಯವರ ಹಳೇ ವ್ಯಾನ್ ಓಡಿಸಿದ್ದೆ, ಅಷ್ಟೇ ನನ್ನ ಅನುಭವ. ಈ ಕಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ತಾನೇ ಬ್ರೇಕ್ ಹಿಡಿಯುತ್ತದೆ. ಚಾರ್ಜ್ ಉಳಿಯಲೆಂದು ಭೀಮೇಶ್ ಮಾಡಿಟ್ಟ ಸೆಟ್ಟಿಂಗ್ ಅದು. ದಾರಿಯುದ್ದಕ್ಕೂ ಗಾಡಿ ಮುಗ್ಗರಿಸಿ ಮುಗ್ಗರಿಸಿ ಹೋಯಿತು. ಭೀಮೇಶ್ ಹಿಂದೆ ಕೂತಿದ್ದರು. ಅಮ್ಮ ಮುಂದಿನ ಸೀಟಿನಲ್ಲಿ ಕಾಲು ನೀಳವಾಗಿ ಬಿಟ್ಟು ರಸ್ತೆ ನೋಡುತ್ತಿದ್ದಳು. "ನಿಧಾನ, ಬಸ್ ಬರ್ತೈತೆ" ಎನ್ನುತ್ತಿದ್ದಳು. ರಾಗಿಗುಡ್ಡ ದಾಟಿತು. ಕವರ್ ಕೇಳಲಿಲ್ಲ.

"ಲತಾ" ಎಂದು ಹಿಂದಿನಿಂದ ಸಣ್ಣ ದನಿ ಬಂತು. "ಒಂದ್ನಿಮಿಷ ಸೈಡಿಗೆ ಹಾಕೇ."

ಕನ್ನಡಿಯಲ್ಲಿ ನೋಡಿದರೆ ಭೀಮೇಶ್ ಮುಖ ಬಿಳಿಚಿಕೊಂಡು ಬೆವರುತ್ತಿತ್ತು. ಗಾಬರಿಯಲ್ಲಿ ಎಡಕ್ಕೆ ಎಳೆದೆ. ಹೊಸ ಅಲಾಯ್ ಫುಟ್‌ಪಾತಿನ ಕಲ್ಲಿಗೆ ಕರ್ರೆಂದು ಉಜ್ಜಿತು. ಅವರು ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲೂ ಇರಲಿಲ್ಲ.

ಅಮ್ಮ ಚೀಲದಿಂದ ತನ್ನ ನಿಂಬೆಹಣ್ಣು ತೆಗೆದಳು. ಸೆರಗು ಸರಿಮಾಡಿಕೊಂಡು, ಕಷ್ಟಪಟ್ಟು ಹಿಂದಕ್ಕೆ ತಿರುಗಿ ಕೈ ಚಾಚಿದಳು.

"ತಗೊಳ್ಳಿ ಅಳಿಯಂದ್ರೆ, ಮೂಸ್ಕೊಳ್ಳಿ. ಹಿಂದೆ ಕೂತ್ರೆ ಹಂಗೇನೆ."

ಭೀಮೇಶ್ ನಿಂಬೆಹಣ್ಣು ಮೂಗಿಗೆ ಒತ್ತಿ ಹಿಡಿದರು.

"ಅತ್ತೆ, ದಿನಾ ಇದೇ ಥರ ಆಗ್ತಿತ್ತಾ ನಿಮ್ಗೆ?"

ಅಮ್ಮ ಚೀಲದಿಂದ ಕವರ್ ತೆಗೆದು ಅವರತ್ತ ಚಾಚಿದಳು.

"ಇನ್ಮೇಲೆ ನಾನು ಓಡಿಸ್ದಾಗ್ಲೂ ಅಲ್ಲೇ ಕೂತ್ಕೊಳ್ಳಿ" ಎಂದರು. "ನಿಮ್ಮ ದಮ್ಮಯ್ಯ."

ಅಮ್ಮ ರಸ್ತೆಯ ಕಡೆ ತಿರುಗಿದಳು. ಸೀಟಿನ ಬೆಲ್ಟು ಎಳೆದು ಸರಿ ಮಾಡಿಕೊಂಡಳು. ಈಗ ನನಗೆ, ಅವರನ್ನು ಕೇಳು ಎನ್ನುತ್ತಾಳೆ ಎಂದು ಕಾದೆ. ಅವಳು ನನ್ನತ್ತ ನೋಡಲೂ ಇಲ್ಲ.

"ಶುಕ್ರವಾರ ಎಷ್ಟೊತ್ತಿಗೆ ಹೊರಡಾಣ ಅಳಿಯಂದ್ರೆ?" ಎಂದಳು.